ಮಾಗಡಿ ಕೆರೆ: ಮೊದಲು ನೀರು ನೋಡಿ, ಆಮೇಲೆ ಹಕ್ಕಿ

ಗದಗ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿದರೂ ಸೊರಟೂರ, ಶಿರಹಟ್ಟಿ, ಲಕ್ಷ್ಮೇಶ್ವರದ ಎರಿ ಹೊಲಗಳು ಹೆಚ್ಚಾಗಿ ನಂಬಿರುವುದು ಮಳೆಯನ್ನು. ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಅಷ್ಟೇ. ಇಂಥ ಒಣ ಸೀಮೆಯಲ್ಲಿ ನೀರಾವರಿಗೆಂದು ಮಳೆನೀರು ಕೂಡಿಡಲು ಜನ ಕಟ್ಟಿಕೊಂಡ ಕೆರೆ ಮಾಗಡಿಯದು. ವಿಸ್ತೀರ್ಣ ಸುಮಾರು 50 ಹೆಕ್ಟೇರ್. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿ 160ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ.

ಶೀಗಿ ಹುಣ್ಣಿಮೆ ಕಳೆದು ದೀಪಾವಳಿ ಹತ್ತಿರವಾಗುವಾಗ ಪಕ್ಷಿವೀಕ್ಷಕರ ಗುಂಪು ಇಲ್ಲಿಗೆ ಬಂದರೆ ದುರ್ಬೀನು ಎತ್ತುವ ಮೊದಲು ನೋಡಬೇಕಾದದ್ದು ದಂಡೆಯನ್ನು. ಹಿಂಗಾರಿ ಮಳೆಗೆ ಕೆರೆ ತುಂಬಿದ್ದರೆ ನಡುನೀರಿನಲ್ಲಿ ನಾಮದ ಕೋಳಿ, ಸೂಜಿಬಾಲದ ಬಾತುಗಳಿಗೆ ಜಾಗ ಸಿಗುತ್ತದೆ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗೆ ಬೇಕಾದದ್ದು ಮೊಣಕಾಲುದ್ದದ ನೀರು. ಗಿಡ್ಡ ಕಾಲಿನ ಗೊರವಗಳಿಗೆ ಬರೀ ಹಸಿ ಕೆಸರು. ಬಿಸಿಲಿಗೆ ನೀರು ಹಿಂದೆ ಸರಿದಂತೆಲ್ಲ ದಿನವೂ ಹೊಸ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ, ಅದರೊಳಗಿನ ಹುಳುಗಳು ಕೊಕ್ಕಿಗೆ ಎಟುಕುತ್ತವೆ. ವರ್ಷವಿಡೀ ಒಂದೇ ಮಟ್ಟದಲ್ಲಿ ತುಂಬಿರುವ ಕೆರೆಗಿಂತ ತುಂಬಿ ಇಳಿಯುವ ಕೆರೆಯಲ್ಲಿ ಹಕ್ಕಿಗಳ ಬಗೆ ಹೆಚ್ಚಲು ಇದೇ ಕಾರಣ.

ಮಾಗಡಿಗೆ ಹೆಸರು ತಂದಿರುವುದು ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಈ ಹಕ್ಕಿ ಮರಿ ಮಾಡುವುದು ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ. ಚಳಿ ಕಚ್ಚತೊಡಗಿದಾಗ ಹಿಮಾಲಯ ದಾಟಿ ದಕ್ಷಿಣಕ್ಕೆ ಹೊರಡುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಉಪಗ್ರಹದ ಮೂಲಕ ಜಾಡು ಹಿಡಿದ ಹಕ್ಕಿಗಳಲ್ಲಿ ಒಂದು 7,290 ಮೀಟರ್ ಎತ್ತರ ಮುಟ್ಟಿತ್ತು. ಅಲ್ಲಿ ಗಾಳಿ ತೆಳು, ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ. ಈ ಹೆಬ್ಬಾತಿನ ಹಿಮೋಗ್ಲೋಬಿನ್‌ನಲ್ಲಿ ಆಗಿರುವ ಸಣ್ಣ ಬದಲಾವಣೆಯಿಂದ ಅದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾರಾಟದ ಸ್ನಾಯುಗಳಲ್ಲಿ ರಕ್ತದ ಲೋಮನಾಳಗಳೂ ದಟ್ಟವಾಗಿವೆ. ಹಾಗಿದ್ದೂ ಅದು ಸುಮ್ಮನೆ ಎತ್ತರಕ್ಕೇರುವುದಿಲ್ಲ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯಲು ಶಕ್ತಿ ಹೆಚ್ಚು ಬೇಕು. ಆದ್ದರಿಂದ ಬೆಟ್ಟದ ಏರಿಳಿತವನ್ನೇ ಅನುಸರಿಸಿ, ಕಣಿವೆ ಬಂದಾಗ ಇಳಿದು, ಮತ್ತೆ ಏರುತ್ತದೆ. 2015ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು.

ಇಷ್ಟು ದೂರದಿಂದ ಬಂದ ಹೆಬ್ಬಾತು ಕೆರೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಡಿಮೆ. ಕೆರೆ ಅದಕ್ಕೆ ಮಲಗುವ ಕೋಣೆ, ಅಡುಗೆಮನೆ ಹೊಲದಲ್ಲಿದೆ. ನರಿ, ನಾಯಿಗಳಿಂದ ದೂರವಾಗಿ ನೀರಿನ ನಡುವೆ ವಿಶ್ರಮಿಸಿ, ಮೇಯಲು ಸುತ್ತಲಿನ ಹೊಲಗಳಿಗೆ ಹಾರುತ್ತದೆ. ಎಳೆ ಚಿಗುರು, ಕೊಯ್ಲಾದ ಮೇಲೆ ಉದುರಿದ ಕಾಳು ಅದರ ಆಹಾರ. ಬಿತ್ತಿದವನಿಗೆ ಇದರಿಂದ ನಷ್ಟವೂ ಆಗಬಹುದು. ಇತ್ತ ಹೊಲದಲ್ಲಿ ತಿಂದದ್ದು ಹಿಕ್ಕೆಯಾಗಿ ಕೆರೆಗೆ ಬೀಳುತ್ತದೆ, ಸಾರಜನಕ ಮತ್ತು ರಂಜಕ ನೀರಿಗೆ ಸೇರಿ ಪಾಚಿ, ಹುಳುಗಳನ್ನು ಬೆಳೆಸುತ್ತವೆ.

ಆದ್ದರಿಂದ ಗುಂಪಿನ ಟಿಪ್ಪಣಿ ಪುಸ್ತಕದಲ್ಲಿ ಹಕ್ಕಿಯ ಹೆಸರು, ಎಣಿಕೆಯ ಜೊತೆಗೆ ಇನ್ನೆರಡು ಕಲಂ ಇರಲಿ: ಅಂದು ನೀರು ಎಲ್ಲಿಯವರೆಗೆ ನಿಂತಿತ್ತು, ಸುತ್ತಲಿನ ಹೊಲದಲ್ಲಿ ಯಾವ ಬೆಳೆಯಿತ್ತು. ಜನವರಿಯಲ್ಲಿ ನಡೆಯುವ ಏಷ್ಯಾದ ಜಲಪಕ್ಷಿ ಗಣತಿ ಒಂದು ಚಳಿಗಾಲದ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆ ಏಕೆ ಏರಿತು, ಏಕೆ ಇಳಿಯಿತು ಎಂದು ಹೇಳಬಲ್ಲವರು ಅಕ್ಟೋಬರ್‌ನಿಂದಲೇ ನೀರು, ಬೆಳೆ ಎರಡನ್ನೂ ಬರೆದಿಟ್ಟವರು.