ತೆಂಗು ಉದ್ಯಮಿಗಳಿಗೆ ಸ್ಪ್ಯಾನಿಷ್ ಕ್ರಿಯಾಪದಗಳು

ತಿಪಟೂರಿನ ಕೊಬ್ಬರಿ ವರ್ತಕರಿಗೆ ಪರಭಾಷೆಯ ಕಲಿಕೆ ಹೊಸ ಸಂಗತಿಯೇನೂ ಅಲ್ಲ. ಉಂಡೆ ಕೊಬ್ಬರಿಯು ಮುಖ್ಯವಾಗಿ ಉತ್ತರ ಭಾರತಕ್ಕೆ ಹೋಗುವ ಸರಕಾದುದರಿಂದ, ಅಲ್ಲಿನ ಖರೀದಿದಾರರೊಡನೆ ವ್ಯವಹರಿಸಲು ನಮ್ಮ ಹಿರಿಯರು ವ್ಯಾಕರಣ ಪುಸ್ತಕದ ಹಂಗಿಲ್ಲದೆ ಹಿಂದಿ ಕಲಿತರು. ಮೊದಲು ಕಲಿತದ್ದು ಭೇಜೋ, ತೋಲೋ, ರೋಕೋ ಎಂಬಂತಹ ಕ್ರಿಯಾಪದಗಳನ್ನು. ಸರಕಿನ ಹೆಸರು ತಿಳಿಯದಿದ್ದರೆ ಬೆರಳು ಮಾಡಿ ತೋರಿಸಬಹುದು. ಕಳುಹಿಸಿದೆವೋ, ಕಳುಹಿಸುತ್ತೇವೋ ಎಂಬುದನ್ನು ಬೆರಳಿನಿಂದ ತೋರಿಸಲಾಗದು.

ಕೊಬ್ಬರಿಗೆ ಹಿಂದಿ ಸಾಕಾಗಿತ್ತು. ಆದರೆ ಒಂದು ಕಾಲಕ್ಕೆ ರಸ್ತೆಬದಿಯಲ್ಲಿ ರಾಶಿ ಬಿದ್ದಿರುತ್ತಿದ್ದ ಮಟ್ಟೆಯ ಪುಡಿಯು ಇಂದು ಕೊಕೊಪೀಟ್ ಎಂಬ ಹೆಸರಿನಲ್ಲಿ ಹಡಗನ್ನೇರುತ್ತಿದೆ. ಭಾರತದ ಕೊಕೊಪೀಟನ್ನು ಕೊಳ್ಳುವ ದೇಶಗಳಲ್ಲಿ ಸ್ಪೇನ್ ಮತ್ತು ಮೆಕ್ಸಿಕೊ ಕೂಡ ಇವೆ. ಸ್ಪೇನಿನ ಅಲ್ಮೇರಿಯಾ ಪ್ರಾಂತ್ಯವೊಂದರಲ್ಲೇ 30 ಸಾವಿರ ಹೆಕ್ಟೇರಿಗೂ ಮಿಕ್ಕಿ ಹಸಿರುಮನೆಗಳಿದ್ದು, ಟೊಮೆಟೊ, ದಪ್ಪ ಮೆಣಸಿನಕಾಯಿಗಳನ್ನು ಬೆಳೆಯಲಾಗುತ್ತಿದೆ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ.

ಒಪ್ಪಂದ, ಲೆಟರ್ ಆಫ್ ಕ್ರೆಡಿಟ್, ಬಿಲ್ ಆಫ್ ಲೇಡಿಂಗ್ ಎಲ್ಲವೂ ಇಂಗ್ಲಿಷಿನಲ್ಲಿರುವಾಗ ಸ್ಪ್ಯಾನಿಷ್ ಏತಕ್ಕೆ ಎಂದು ಸದಸ್ಯರು ಕೇಳಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಒಮ್ಮೆ ನಮ್ಮ ಘಟಕದಿಂದ ಕಂಟೇನರ್ ಹೊರಡುವ ದಿನ, ಕೊಳ್ಳುವವರ ಗೋದಾಮಿನಿಂದ ವಾಟ್ಸ್ಆ್ಯಪಿನಲ್ಲಿ ನಾಲ್ಕು ಪದಗಳ ಸಂದೇಶ ಬಂದಿತು. ಮೊಬೈಲಿನ ಅನುವಾದವನ್ನು ನೋಡಿದ ನಮ್ಮ ಗುಮಾಸ್ತ, ‘ಸಾರ್, ಹಡಗಿನ ಬಾಡಿಗೆ ನಾವೇ ಕಟ್ಟಬೇಕಂತೆ, ಅದೂ ಈಗಲೇ’ ಎಂದ. ಒಪ್ಪಂದದಂತೆ ಬಾಡಿಗೆ ಅವರದು. ಸಿಟ್ಟಿನಿಂದ ಎರಡು ದಿನ ಕಂಟೇನರನ್ನು ತಡೆದಿರಿಸಿ, ಕಟುವಾದ ಪತ್ರವನ್ನೂ ಬರೆಸಿದೆ. ಅವರು ಹೇಳಿದ್ದು ‘ಬಾಡಿಗೆಯನ್ನು ಆಗಲೇ ಕಟ್ಟಿದ್ದೇನೆ’ ಎಂದು! ತಡೆದಿರಿಸಿದ ದಿನಗಳ ಶುಲ್ಕ ನಮ್ಮ ಲೆಕ್ಕಕ್ಕೇ ಬಿತ್ತು.

ದೋಷವಿದ್ದುದು ಒಂದು ಗೆರೆಯಲ್ಲಿ. ಪಾವತಿ ಮಾಡು ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಪಗಾರ್’ ಎನ್ನುತ್ತಾರೆ. ಪೋರ್ಚುಗೀಸಿನಲ್ಲೂ ಇದೇ ಪದ. ನಮ್ಮ ‘ಪಗಾರ’ ಬಂದದ್ದು ಅಲ್ಲಿಂದಲೇ. ಇದರ ರೂಪಗಳಲ್ಲಿ ‘ಪಾಗೆ’ ಎಂದರೆ ತಾವು ಪಾವತಿಸಿ, ‘ಪಗೇ’ ಎಂದರೆ ನಾನು ಪಾವತಿಸಿದೆ. ‘ಪಾಗೊ’ ಎಂದರೆ ನಾನು ಪಾವತಿಸುತ್ತೇನೆ, ‘ಪಗೋ’ ಎಂದರೆ ಅವರು ಪಾವತಿಸಿದರು. ಕನ್ನಡ ಲಿಪಿಯಲ್ಲಿ ಬರೆದಾಗ ವ್ಯತ್ಯಾಸ ಸ್ಪಷ್ಟವಾಗಿಯೇ ಕಾಣುತ್ತದೆ. ಅವರ ಲಿಪಿಯಲ್ಲಾದರೋ ಕೊನೆಯ ಸ್ವರದ ತಲೆಯ ಮೇಲೊಂದು ಓರೆಗೆರೆ ಮಾತ್ರ ಇರುತ್ತದೆ. ಅವಸರದ ಸಂದೇಶಗಳಲ್ಲಿ ಅಲ್ಲಿನವರೇ ಆ ಗೆರೆಯನ್ನು ಬಿಟ್ಟುಬಿಡುತ್ತಾರೆ. ‘ಎನ್ವಿಯಾರ್’, ಅಂದರೆ ಕಳುಹಿಸು ಎಂಬುದಕ್ಕೂ ಇದೇ ಪಾಡು: ‘ಎನ್ವೀಯೆ’ ಎಂದರೆ ತಾವು ಕಳುಹಿಸಿ, ‘ಎನ್ವಿಯೇ’ ಎಂದರೆ ನಾನು ಕಳುಹಿಸಿದೆ.

ಇದನ್ನು ಓದಿ ಹೆದರಬೇಕಾಗಿಲ್ಲ. ಕ್ರಿಯಾಪದದ ವಿಷಯದಲ್ಲಿ ಕನ್ನಡಿಗನಿಗೆ ಇಂಗ್ಲಿಷಿಗಿಂತ ಸ್ಪ್ಯಾನಿಷೇ ಹತ್ತಿರ. ‘ಕಳುಹಿಸುತ್ತೇವೆ’ ಎಂದರೆ ಸಾಕು, ‘ನಾವು’ ಎನ್ನಬೇಕಾಗಿಲ್ಲ. ಕರ್ತೃವು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಸ್ಪ್ಯಾನಿಷಿನಲ್ಲೂ ಹಾಗೆಯೇ. ‘ನಮಗೆ ಸಾಲದು’, ‘ನಮಗೆ ಇಷ್ಟ’ ಎಂಬ ನಮ್ಮ ವಾಕ್ಯರಚನೆಯೂ ಅಲ್ಲಿದೆ: ಸಸ್ಯ ಆರೋಗ್ಯ ಪ್ರಮಾಣಪತ್ರ ಕೈಸೇರದಿದ್ದರೆ ಖರೀದಿದಾರರು ‘ನೋಸ್ ಫಾಲ್ತ’ ಎಂದು ಬರೆಯುತ್ತಾರೆ, ಅಂದರೆ ‘ನಮಗೆ ಇದು ಕಡಮೆಯಾಗಿದೆ’. ತ, ದ ಅಕ್ಷರಗಳ ಉಚ್ಚಾರಣೆಯೂ ನಮ್ಮದೇ. ನಮ್ಮ ಘಟಕದಲ್ಲಿ ಪಿಯುಸಿ ಓದಿದ ಮೇಲ್ವಿಚಾರಕ ಇವನ್ನು ಹಿಡಿದಷ್ಟು ಬೇಗ ಇಂಗ್ಲಿಷ್ ಮಾಧ್ಯಮದ ಪದವೀಧರನಾದ ನನ್ನ ಮಗ ಹಿಡಿಯಲಿಲ್ಲ. ಒಬ್ಬ ಕನ್ನಡದಿಂದ ನೇರವಾಗಿ ಹೋದ, ಇನ್ನೊಬ್ಬ ಇಂಗ್ಲಿಷನ್ನು ಸುತ್ತಿಕೊಂಡು ಹೋದ.

ಗೌರವದ ‘ತಾವು’ ಎಂಬುದಕ್ಕೆ ‘ಉಸ್ತೆದ್’ ಎನ್ನುತ್ತಾರೆ. ಎದುರಿಗೇ ಇರುವವರನ್ನು ‘ಯಜಮಾನರು ಏನು ಹೇಳುತ್ತಾರೆ?’ ಎಂದು ಕೇಳುವ ನಮ್ಮ ಹಳೆಯ ಪದ್ಧತಿಯಂತೆ ಇದರೊಡನೆ ‘ಅವರು’ ಎಂಬುದರ ಕ್ರಿಯಾರೂಪವೇ ಬರುತ್ತದೆ. ಮೊದಲ ಪತ್ರದಲ್ಲಿ ಇದನ್ನೇ ಬಳಸುವುದು ಕ್ಷೇಮ.

ಎಡವುವ ಸ್ಥಳಗಳು ಬೇರೆ ಇವೆ. ನಾವು ಬೆಲೆ ಕೇಳುತ್ತೇವೆ, ಸಾಲ ಕೇಳುತ್ತೇವೆ, ಮಾತು ಕೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಇವು ಮೂರು ಬೇರೆ ಕ್ರಿಯಾಪದಗಳು: ವಿಚಾರಿಸುವುದಕ್ಕೆ ‘ಪ್ರೆಗುಂತಾರ್’, ಬೇಡುವುದಕ್ಕೆ ‘ಪೆದೀರ್’, ಆಲಿಸುವುದಕ್ಕೆ ‘ಎಸ್ಕುಚಾರ್’. ಇವುಗಳಲ್ಲಿ ಪೆದೀರ್ ಅಪಾಯಕಾರಿ. ವ್ಯಾಪಾರದಲ್ಲಿ ಅದರ ಅರ್ಥ ಆರ್ಡರ್ ಕೊಡು ಎಂದೇ ಆಗುತ್ತದೆ. ಬ್ಲಾಕ್ ಒತ್ತುವ ಯಂತ್ರದ ವಿಚಾರವನ್ನು ‘ಕೇಳುತ್ತಿದ್ದೇವೆ’ ಎಂದುಕೊಂಡು ಪೆದೀರ್ ಬಳಸಿದರೆ ಯಂತ್ರಕ್ಕೆ ಆರ್ಡರ್ ಕೊಟ್ಟಂತೆಯೇ.

ಇನ್ನೊಂದು ತೊಡಕು ‘ನಾವು’ ರೂಪದ್ದು. ‘ಪಗಾಮೊಸ್’ ಎಂದರೆ ಪಾವತಿಸುತ್ತೇವೆ ಎಂದೂ ಆಗುತ್ತದೆ, ಪಾವತಿಸಿದೆವು ಎಂದೂ ಆಗುತ್ತದೆ. ಎನ್ವಿಯಾರ್ ಮತ್ತು ಕರ್ಗಾರ್, ಅಂದರೆ ಲೋಡು ಮಾಡು ಎಂಬುವಕ್ಕೂ ಇದೇ ನಿಯಮ. ‘ಸೋಮವಾರ ಲೋಡು’ ಎಂದು ತಾವು ಬರೆದುದನ್ನು ಅವರು ಕಳೆದ ಸೋಮವಾರವೆಂದು ಓದಿಕೊಂಡು ಹಡಗಿನ ಲೆಕ್ಕ ಹಾಕಬಹುದು. ಆದ್ದರಿಂದ ಆಗಿಹೋದುದಕ್ಕೆ ‘ಎಮೊಸ್ ಪಗಾದೊ’, ಆಗಬೇಕಾದುದಕ್ಕೆ ‘ಪಗರೇಮೊಸ್’ ಎಂದು ಬೇರೆ ರೂಪಗಳನ್ನೇ ಬಳಸಬೇಕು. ವಾರದ ಹೆಸರಿನ ಬದಲು ದಿನಾಂಕವನ್ನು ನಮೂದಿಸಬೇಕು.

ಸರಕಿನ ಸ್ಥಿತಿಯನ್ನು ತಿಳಿಸಲು ‘ಎಸ್ತಾ’ ಎಂಬ ಒಂದು ಪದ ಬಹಳಷ್ಟು ಕೆಲಸ ಮಾಡುತ್ತದೆ. ನಾರಿನ ವಿಷಯದಲ್ಲಿ ‘ಎಸ್ತಾ ಸೇಕ’ ಎಂದರೆ ಒಣಗಿದೆ, ‘ಎಸ್ತಾ ಮೊಹಾದ’ ಎಂದರೆ ನೆನೆದಿದೆ, ‘ಎಸ್ತಾ ಲವಾದ’ ಎಂದರೆ ತೊಳೆದಿದೆ. ಲವಣಾಂಶ ತಗ್ಗಿಸಲು ತೊಳೆದ ಪುಡಿಗೂ ತೊಳೆಯದ ಪುಡಿಗೂ ದರದಲ್ಲಿ ಅಂತರವಿರುವುದರಿಂದ ಕೊನೆಯದು ನಮಗೆ ಬಹು ಮುಖ್ಯ.

ನಮ್ಮ ಘಟಕದಲ್ಲಿ ಏಳು ಕ್ರಿಯಾಪದಗಳನ್ನು ಕೆಲಸದ ಕ್ರಮದಲ್ಲೇ ಬರೆದು ತೂಕದ ಯಂತ್ರದ ಮೇಲ್ಗಡೆ ಅಂಟಿಸಿದ್ದೇವೆ: ಲವಾರ್, ಸೆಕಾರ್, ಪೆಸಾರ್, ಕರ್ಗಾರ್, ಎನ್ವಿಯಾರ್, ರೆಸಿಬೀರ್, ಪಗಾರ್. ತೊಳೆ, ಒಣಗಿಸು, ತೂಗು, ಲೋಡು ಮಾಡು, ಕಳುಹಿಸು, ಪಡೆ, ಪಾವತಿಸು. ವಾರಕ್ಕೊಂದರಂತೆ, ಪ್ರತಿಯೊಂದರಲ್ಲೂ ನಾಲ್ಕೇ ರೂಪ: ಮಾಡಿದ್ದೇವೆ, ಮಾಡುವೆವು, ತಾವು ಮಾಡಿ, ಅವರು ಮಾಡಿದರು. ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರಿಗೆ ಸ್ಪೇನ್ ಸರ್ಕಾರದ ಇನ್ಸ್ಟಿಟ್ಯೂಟೊ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ನವದೆಹಲಿಯಲ್ಲಿದೆ. ಆದರೆ ಎಷ್ಟೇ ಕಲಿತರೂ ದರ ಮತ್ತು ಪಾವತಿಯ ಷರತ್ತುಗಳನ್ನು ಇಂಗ್ಲಿಷಿನಲ್ಲೇ ಇಡುವುದು ಲೇಸೆಂದು ನನ್ನ ಅಭಿಪ್ರಾಯ.

ಕ್ರಿಯಾಪದದ ಮಾತಲ್ಲವಾದರೂ ಇದೊಂದನ್ನು ಹೇಳಬೇಕು. ಸ್ಪೇನಿನಲ್ಲಿ ಸಾವಿರದ ಸ್ಥಾನಕ್ಕೆ ಚುಕ್ಕೆಯನ್ನೂ ದಶಾಂಶಕ್ಕೆ ಅಲ್ಪವಿರಾಮವನ್ನೂ ಹಾಕುತ್ತಾರೆ. ಅವರ 1.250 ಕಿಲೋ ಎಂದರೆ ಒಂದು ಸಾವಿರದ ಇನ್ನೂರ ಐವತ್ತು ಕಿಲೋ, ಒಂದೂಕಾಲು ಕಿಲೋ ಅಲ್ಲ. ಮೆಕ್ಸಿಕೊದವರು ಮಾತ್ರ ನಮ್ಮಂತೆಯೇ ದಶಾಂಶಕ್ಕೆ ಚುಕ್ಕೆ ಹಾಕುತ್ತಾರೆ.