ಪುಟ್ಟ ಉಗಿಬಂಡಿಯ ಬೆಂಕಿ ಮತ್ತು ನೀರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇವು ಉಗಿಬಂಡಿಯ ಕಾಲದಲ್ಲಿ ರೈಲು ಕಾಣದ ಊರುಗಳು. ರೈಲು ಹಿಡಿಯಬೇಕಾದವರು ಪೂರ್ವದಲ್ಲಿ ಬಾಗಲಕೋಟೆಗೋ ಪಶ್ಚಿಮದಲ್ಲಿ ಕುಡಚಿಗೋ ಹೋಗಬೇಕಾಗಿತ್ತು. 1876-78ರ ಭೀಕರ ಬರದ ತರುವಾಯ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಬಾಗಲಕೋಟೆಯ ಮೂಲಕ ಹಾಯುವ ಹೋಟಗಿ-ಗದಗ ಮೀಟರ್ ಗೇಜ್ ಮಾರ್ಗವನ್ನು 1884ರಲ್ಲಿ ತೆರೆಯಿತು. ಬಾಗಲಕೋಟೆ-ಕುಡಚಿ ಮಾರ್ಗ ಮಂಜೂರಾದದ್ದು 2010-11ರಲ್ಲಿ. ಅಷ್ಟರಲ್ಲಿ ಉಗಿಯ ಯುಗವೇ ಮುಗಿದಿತ್ತು.

ರೈಲ್ವೆಯ ಇತಿಹಾಸವನ್ನು ನಾವು ಕಂಪನಿ, ಬಂಡವಾಳ, ಮಾರ್ಗಗಳ ಇತಿಹಾಸವಾಗಿಯೇ ಬರೆಯುತ್ತ ಬಂದಿದ್ದೇವೆ. ಇಂಜಿನ್ನಿನ ಮೇಲೆ ನಿಂತ ಡ್ರೈವರ್ ಹಾಗೂ ಫೈರ್‌ಮನ್ ಇವರ ಕೈಚಳಕವು ಕಾಗದಪತ್ರಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಕಲ್ಲಿದ್ದಲಿನಿಂದಲೇ ನಡೆಯುವ ಮಾದರಿ ಇಂಜಿನ್ನು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಲ್ಲದು. 5 ಇಂಚು ಅಗಲದ ಹಳಿಯ ಮೇಲೆ ಓಡುವ ಮಾದರಿಯು ಮೀಟರ್ ಗೇಜ್ ಇಂಜಿನ್ನಿನ ಸುಮಾರು ಎಂಟನೆಯ ಒಂದಂಶ. ಆದರೂ ಅದು ಜನರನ್ನು ಕುಳ್ಳಿರಿಸಿಕೊಂಡು ಎಳೆಯುತ್ತದೆ. ಅದನ್ನು ಆಟಿಕೆಯೆನ್ನುವುದು ಸರಿಯಲ್ಲ.

ಮೊದಲು ನೋಡಬೇಕಾದುದು ಬೆಂಕಿಯನ್ನಲ್ಲ, ನೀರನ್ನು. ಬಾಯ್ಲರಿನ ಗಾಜಿನ ನಳಿಕೆಯಲ್ಲಿ ನೀರಿನ ಮಟ್ಟ ಕಂಡ ಮೇಲೆಯೇ ಸೀಮೆಎಣ್ಣೆಯಲ್ಲಿ ನೆನೆಸಿದ ಕಟ್ಟಿಗೆಯ ಇದ್ದಲನ್ನು ಒಲೆಯಲ್ಲಿ ಹೊತ್ತಿಸಬೇಕು. ತಣ್ಣಗಿರುವ ಇಂಜಿನ್ನಿಗೆ ತಾನೇ ಗಾಳಿಯನ್ನು ಸೆಳೆದುಕೊಳ್ಳುವ ಶಕ್ತಿಯಿಲ್ಲ. ಆದುದರಿಂದ ಹೊಗೆಕೊಳವೆಯ ಮೇಲೆ ಚಿಕ್ಕ ವಿದ್ಯುತ್ ಪಂಖವೊಂದನ್ನು ಕೂಡಿಸುತ್ತಾರೆ. ಉಗಿಯ ಒತ್ತಡ ಏರತೊಡಗಿದೊಡನೆ ಪಂಖವನ್ನು ತೆಗೆದು, ಸಣ್ಣದಾಗಿ ಒಡೆದ ಕಲ್ಲಿದ್ದಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾರೆ. ಹೊರಡುವಾಗ ಸಿಲಿಂಡರಿನ ಕೆಳಗಿನ ತೋಟಿಗಳು ತೆರೆದಿರಬೇಕು. ಒಳಗೆ ತಣಿದು ನೀರಾದ ಉಗಿ ಹೊರಹೋಗದಿದ್ದರೆ ಪಿಸ್ಟನ್ನಿಗೆ ಅಪಾಯ. ರೆಗ್ಯುಲೇಟರನ್ನು ಮೆಲ್ಲಗೆ ತೆರೆಯಬೇಕು. ಇಲ್ಲಿ ಒಂದು ಸೊಗಸಾದ ವ್ಯವಸ್ಥೆಯಿದೆ: ಕೆಲಸ ಮುಗಿಸಿದ ಉಗಿಯು ಹೊಗೆಕೊಳವೆಯಿಂದ ಚಿಮ್ಮುವಾಗ ಒಲೆಯ ಮೂಲಕ ಗಾಳಿಯನ್ನು ಸೆಳೆಯುತ್ತದೆ. ಇಂಜಿನ್ನು ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. 1829ರ ಸ್ಟೀಫನ್‌ಸನ್ನರ ರಾಕೆಟ್ ಇಂಜಿನ್ನಿನ ಯಶಸ್ಸಿನಲ್ಲಿ ಈ ಸೆಳೆತಕ್ಕೂ ಬಾಯ್ಲರಿನೊಳಗಣ ಅನೇಕ ಕೊಳವೆಗಳಿಗೂ ಪಾಲಿದೆ.

ಆದರೆ ಉಗಿಯಾಗಿ ಹೋದ ನೀರನ್ನು ಮತ್ತೆ ತುಂಬಲೇಬೇಕು. ತಣ್ಣೀರು ಒಳಹೊಕ್ಕರೆ ಒತ್ತಡ ಕುಸಿಯುತ್ತದೆ, ಹೊಗದಿದ್ದರೆ ಒಲೆಯ ಮೇಲ್ತಗಡು ಬರಿದಾಗಿ ಕೆಡುತ್ತದೆ. ಏರು ಬರುವ ಮುನ್ನವೇ ಬೆಂಕಿಯನ್ನೂ ನೀರನ್ನೂ ಸಿದ್ಧಗೊಳಿಸಿಕೊಳ್ಳುವ ಮುಂದಾಲೋಚನೆಯೇ ಫೈರ್‌ಮನ್ನನ ವಿದ್ಯೆ. ಮಾದರಿಯಲ್ಲಿ ಇದು ಇನ್ನೂ ಕಠಿಣ. ಉದ್ದಗಲ ಎತ್ತರಗಳು ಎಂಟನೆಯ ಒಂದಂಶವಾದಾಗ ಬಾಯ್ಲರು ಹಿಡಿಯುವ ನೀರು ಸುಮಾರು 512ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಇಂಜಿನ್ನು ಕ್ಷಮಿಸುವ ಅಲಕ್ಷ್ಯವನ್ನು ಚಿಕ್ಕದು ಕ್ಷಮಿಸದು. ಅಲ್ಲದೆ ಇಬ್ಬರ ಕೆಲಸವನ್ನು ಇಲ್ಲಿ ಒಬ್ಬನೇ ಮಾಡಬೇಕು.

ನೀರಿನ ಗುಣವೂ ವಿಚಾರಾರ್ಹ. ಮುಧೋಳ-ಲೋಕಾಪುರ ಕಡೆಯ ಸುಣ್ಣಕಲ್ಲಿನ ನೆಲದ ಬಾವಿನೀರು ಪಾತ್ರೆಯ ಒಳಮೈಗೆ ಬಿಳಿಯ ಹೊರಪದರ ಕಟ್ಟುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಬಾಯ್ಲರಿನಲ್ಲಿ ಅದೇ ಪದರ ಶಾಖವನ್ನು ತಡೆದು ಇದ್ದಲನ್ನು ವ್ಯರ್ಥಗೊಳಿಸುತ್ತದೆ, ತಗಡನ್ನು ಸುಡುತ್ತದೆ. ಮಾದರಿಗೆ ಮಳೆನೀರು ಸಾಕಾದೀತು. ಬಯಲುಸೀಮೆಯಲ್ಲಿ ದಿನವಿಡೀ ಓಡುತ್ತಿದ್ದ ಬಂಡಿಗಳಿಗೆ ಅದು ಎಲ್ಲಿಂದ ಸಾಕಾಗಬೇಕು? ಹಳೆಯ ನಿಲ್ದಾಣಗಳನ್ನು ಅಭ್ಯಸಿಸುವವರು ಟಿಕೇಟಿನ ಕಿಂಡಿಗಿಂತ ಮೊದಲು ಬಾವಿಯನ್ನೂ ನೀರಿನ ತೊಟ್ಟಿಯನ್ನೂ ಹುಡುಕಬೇಕೆಂದು ನನ್ನ ಅಭಿಪ್ರಾಯ.