ನಿಮಗಿದು ಗೊತ್ತೆ? ಯೋಗದ ಗುರುಮನೆ ನಮ್ಮ ಮಂಡ್ಯದ ಪಕ್ಕದಲ್ಲೇ

ಇಂದು ಜಗತ್ತು ಕಲಿಯುವ ಯೋಗಾಸನಗಳಲ್ಲಿ ದೊಡ್ಡ ಪಾಲು ರೂಪುಗೊಂಡದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುಮಾಡಿದಾಗ ಮಂಡ್ಯ, ಮದ್ದೂರು, ಮಳವಳ್ಳಿ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದವು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಯೋಗವನ್ನು ಜಗತ್ತಿಗೆ ಒಯ್ದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. ಆಚಾರ್ಯರ ‘ಯೋಗ ಮಕರಂದ’ ಪುಸ್ತಕ 1934ರಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ! ನಾವು ಹೆಮ್ಮೆಪಡಬೇಕಾದ ಸಂಗತಿಯಿದು.

ಆದರೂ ‘ಗದ್ದೆಯಲ್ಲಿ ದುಡಿಯೋರಿಗೆ ಯೋಗ ಯಾಕೆ?’ ಎನ್ನುವವರುಂಟು. ನಾಟಿ ಹಾಕುವಾಗ, ಕಬ್ಬು ಕಡಿಯುವಾಗ ಸೊಂಟ ಗಂಟೆಗಟ್ಟಲೆ ಮುಂದಕ್ಕೇ ಬಾಗಿರುತ್ತದೆ. ಅದಕ್ಕೆ ಬೇಕಾದ್ದು ಇನ್ನಷ್ಟು ದುಡಿಮೆಯಲ್ಲ, ಎದುರು ದಿಕ್ಕಿನ ಮೃದು ಬಾಗು. ಬೋರಲಾಗಿ ಮಲಗಿ, ಅಂಗೈ ಭುಜದ ಪಕ್ಕ ಊರಿ, ಉಸಿರು ಎಳೆಯುತ್ತಾ ಎದೆಯನ್ನಷ್ಟೇ ಮೇಲೆತ್ತಿ: ಇದೇ ಭುಜಂಗಾಸನ. ಹೊಕ್ಕುಳು ನೆಲ ಬಿಡಬಾರದು. ನೋವಾದರೆ ಅಲ್ಲಿಗೇ ನಿಲ್ಲಿಸಿ.

ನಿಧಾನ ಉಸಿರಾಟವೂ ಔಷಧಿಯ ಹಾಗೆ. ನಿಮಿಷಕ್ಕೆ ಸುಮಾರು ಆರು ಸಲ ಉಸಿರಾಡಿ, ಹೊರಬಿಡುವ ಉಸಿರನ್ನು ಉದ್ದ ಮಾಡಿದರೆ ದೇಹವನ್ನು ಶಾಂತಗೊಳಿಸುವ ವೇಗಸ್ ನರ ಚುರುಕಾಗಿ ಹೃದಯದ ಬಡಿತ ನಿಧಾನವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಚಟುವಟಿಕೆ. ನಾಲೆ ಏರಿಯ ಮೇಲಿನ ಬಿರುಸು ನಡಿಗೆಯೂ ಇದರ ಲೆಕ್ಕಕ್ಕೆ ಸೇರುತ್ತದೆ. ಆದರೆ ಬಿ.ಪಿ., ಗ್ಲಾಕೋಮಾ ಇರುವವರು ಶೀರ್ಷಾಸನದಂಥ ತಲೆಕೆಳಗಿನ ಭಂಗಿಗಳಿಗೆ ಕೈಹಾಕಬಾರದು. ಬಸುರಿಯರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಡಾಕ್ಟರು ಕೊಟ್ಟ ಮಾತ್ರೆಯನ್ನಂತೂ ಯಾರೂ ತಾವಾಗಿಯೇ ಬಿಡುವಂತಿಲ್ಲ.